ಹದಿನೈದನೇ ದಿನ ಸಂಜೆ ಐದಕ್ಕೆ

ಹೊನ್ನಾಳಿ
6 ಮೇ 2025

ಅಪ್ಪಾ,

ಇಲ್ಲ, ನಾನು ಒಪ್ಪಲ್ಲ. "ನಿಮಗೆ ಮೊದ್ಲೇ ಹೇಳಿದ್ರೆ ಏನು ಬಂದಂಗಾಗ್ತಿತ್ತು, ನೀವೂ ಹೆದರ್ಕಂಡು ಬದುಕ್ತಿದ್ರಿ ಅಷ್ಟೇ" ಅಂದೆಯಲ್ಲ ಮೊನ್ನೆ ಜೈಲಿನ ಜಾಲರಿ ಹಿಂದೆ ನಿಂತ್ಕಂಡು. ಅಷ್ಟೊತ್ತಿಗೆ ಟೈಮ್ ಆತು ಅಂತ ಎಬ್ಬಿಸಿಬಿಟ್ರು. ನನಗೆ ಉತ್ರ ಕೊಡಾಕೆ ಆಗ್ಲಿಲ್ಲ. ಶಿವಮೊಗ್ಗದಿಂದ ಹೊನ್ನಾಳಿಗಂಟ ಬಸ್ಸಿನಾಗೆ ನಿನ್ ಜೊತೆ ಮನಸ್ಸಲ್ಲೇ ಜಗಳ ಆಡ್ಕಂಡು ಬಂದೀನಿ. ಪಕ್ಕದಾಗೆ ಕುಂತಿದ್ದ ಅಜ್ಜ "ಯಾಕಪ್ಪ, ಹಲ್ಲು ನೋವಾ?" ಅಂತ ಕೇಳಿದ. ಹೌದು ಅಂದೆ.

ಹೇಳ್ದೆ ಇದ್ದಿದ್ದಕ್ಕೆ ನಾವು ಹೆದರ್ದೆ ಬದುಕಿದ್ವಾ? ಖಾಕಿ ಕಂಡ್ರೆ ನೀನು ಮೆಕ್ಕೆಜೋಳದ ಹೊಲಕ್ಕೆ ನುಗ್ತಿದ್ದೆ. ಕರೆಂಟಿನ ಲೈನ್‌ಮನ್ ಬಂದ್ರೂ ಅಷ್ಟೇ. ಅಪ್ಪಂಗೆ ಹೊಟ್ಟೆ ಸರಿ ಇಲ್ಲ ಅಂತ ಅವ್ವ ಮೆಂತ್ಯ ಅರೆದು ಮಜ್ಜಿಗೇಲಿ ಕುಡಿಸ್ತಿದ್ಲು. ನೀನೂ ಕುಡೀತಿದ್ದೆ. ವರ್ಷಗಟ್ಲೆ ಕುಡಿದ್ಯಲ್ಲಪ್ಪ, ಬಾಯಿ ಬಿಡಾಕೆ ಆಗ್ದೆ!

ಏಪ್ರಿಲ್ ಹನ್ನೊಂದು ನನಗೆ ಮರೆಯಾಕೆ ಆಗ್ತಿಲ್ಲ. ನೀನು ಜಗಳೂರಿನ ಮನೆ ಕಟ್ಟೆ ಮೇಲೆ ಕುಂತು ಎತ್ತಿನ ಬಾಯಿಗೆ ಕಟ್ಟೋ ಕುಕ್ಕೆ ಹೆಣೀತಿದ್ದೆ. ಜೀಪ್ ಇಳಿದ ಸಾಹೇಬ್ರು "ಹಾಲಪ್ಪಾ" ಅಂತ ಕೂಗಿದ್ರು. "ಇಲ್ಲಿ ಹಾಲಪ್ಪ ಅನ್ನೋರು ಯಾರೂ ಇಲ್ಲ ಸಾರ್, ಇವ್ರು ನಮ್ಮಪ್ಪ, ಧರ್ಮಪ್ಪ" ಅಂತ ಜೋರಾಗೇ ಹೇಳ್ದೆ. ಹೇಳಿ ತಿರುಗಿ ನೋಡಿದ್ರೆ ನೀನು ಎದ್ದು ನಿಂತಿದ್ದೆ. ಆ ಹೆಸ್ರಿಗೆ ಎದ್ದು ನಿಂತಿದ್ದೆ.

ಆಮೇಲೆ ಅವ್ರು ಓದಿ ಹೇಳಿದ್ದು ಪೂರ್ತಿ ಊರೇ ಕೇಳ್ತು. ತೊಂಬತ್ತಾರರಲ್ಲಿ ಸೂಳೆಕೆರೇಲಿ ರೇವಣ್ಣ ಅನ್ನೋ ಮೀನುಗಾರನ ಕೊಲೆ. ಜೀವಾವಧಿ. ಎರಡು ಸಾವಿರದ ಎರಡರಾಗೆ ಹದಿನೈದು ದಿನ ಪೆರೋಲ್ ಮೇಲೆ ಹೊರಗೆ ಬಂದೋನು ವಾಪಸ್ ಹೋಗಿಲ್ಲ. ಪೆರೋಲ್ ಅಂದ್ರೆ ಜೈಲಿನೋರಿಗೆ ಕೊಡೋ ರಜ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆದ್ರೂ ಹೇಳ್ತೀನಿ ಕೇಳು. ನಿನ್ನ ವಾಪಸ್ ಒಳಗೆ ಹಾಕಿದ್ದು ತಪ್ಪು. ನಾನಿಲ್ಲಿ ಭತ್ತದ ಕಟಾವು ಮಷಿನ್ ಜೊತೆ ಇದೀನಿ. ಮೊನ್ನೆ ಚಾ ಅಂಗಡೀಲಿ ನಮ್ಮ ಡ್ರೈವರ್ "ಇಪ್ಪತ್ಮೂರು ವರ್ಷ ಆಗ್ಲಿ ನಲವತ್ತು ಆಗ್ಲಿ, ಕಾನೂನು ಕಾನೂನೇ, ಬಾಕಿ ಇರೋದನ್ನ ಮುಗಿಸ್ಲಿ" ಅಂದ. "ಇಪ್ಪತ್ಮೂರು ವರ್ಷ ಒಬ್ರ ಮೇಲೂ ಕೈ ಎತ್ತಿಲ್ಲ ಅವ್ರು. ಹಿತ್ತಲಿಗೆ ಹಾವು ಬಂದ್ರೆ ಹೊಡೀಬೇಡ, ಅದ್ರ ದಾರಿಗೆ ಅದು ಹೋಗ್ತೈತೆ ಅಂತಾರೆ. ಇಂಥೋರನ್ನ ಒಳಗೆ ಹಾಕಿ ಸರ್ಕಾರ ಇನ್ನೇನು ಕಲಿಸ್ತೈತೆ?" ಅಂದೆ. "ನಿಮ್ಮಪ್ಪ ಹಾವಿಗೆ ಕೊಟ್ಟ ರಿಯಾಯಿತಿ ಆ ರೇವಣ್ಣಂಗೂ ಕೊಡ್ಬೇಕಿತ್ತು ಬಿಡಪ್ಪ" ಅಂದ. ಲೋಟ ಎಸೆದೆ. ಅವ್ನಿಗೆ ತಾಗ್ಲಿಲ್ಲ. ಕೆಲ್ಸ ಮಾತ್ರ ಈ ವಾರಕ್ಕೆ ಮುಗೀತು.

ಪೊಲೀಸ್ರಿಗೆ ನಿನ್ನ ಸುದ್ದಿ ಹೆಂಗೆ ಹೋತು ಅಂತ ಕೇಳಿದ್ಯಲ್ಲ. ನನಗೇನು ಗೊತ್ತು? ತಂಗಿ ಮಮತಾ ಜಾತಿ ಸರ್ಟಿಫಿಕೇಟಿಗೆ ನೀನು ಹೇಳಿದಂಗೇ ಚನ್ನಗಿರಿ ಕಡೆಯ ಆ ಶಾಲೆಗೆ ಹೋದೆ, "ನಮ್ಮ ದೊಡ್ಡಪ್ಪ ಹಾಲಪ್ಪಂದು ದಾಖಲಾತಿ ನಕಲು ಬೇಕು" ಅಂದೆ, ಬಂದೆ. ಅಂಥ ದೊಡ್ಡಪ್ಪ ಒಬ್ಬ ಇದ್ದ ಅಂತ ನೀನೇ ಹೇಳಿಕೊಟ್ಟಿದ್ದು. ಅಲ್ಲಿ ಯಾರೋ ಬಾಯಿ ಬಿಟ್ಟಿರ್ಬೇಕು.

ನೀನು ಕಳ್ಸಿದ ಕಾರ್ಡ್ ಬಂತು. ಬರೆದು ಕೊಟ್ಟೋರು ಯಾರು? ಅಕ್ಷರ ಮುತ್ತಿನಂಗೆ ಐತೆ. ಅವ್ರಿಗೆ ನನ್ನ ನಮಸ್ಕಾರ ಹೇಳು.

ಪರಶು


ಶಿವಮೊಗ್ಗ ಜೈಲು
17 ಮೇ 2025

ಪರಶು,

ನಿಮ್ಮಪ್ಪ ಬರೆಸುತ್ತಿರುವುದು. ನಿನ್ನ ಕಾಗದವನ್ನು ಇಲ್ಲಿ ಒಬ್ಬರು ಎರಡು ಸಲ ಓದಿ ಹೇಳಿದರು. ನಿನ್ನ ನಮಸ್ಕಾರ ಅವರಿಗೆ ಮುಟ್ಟಿತು.

ನಾನು ಚೆನ್ನಾಗಿದ್ದೇನೆ. ಅಡುಗೆ ಮನೆಗೆ ಹಾಕಿದ್ದಾರೆ, ಕೂತು ಅಕ್ಕಿ ಆರಿಸುವ ಕೆಲಸ. ವಯಸ್ಸಾದವನೆಂದು ಹುಡುಗರು ಅಜ್ಜ ಎನ್ನುತ್ತಾರೆ. ಲೋಟ ಎಸೆಯಬೇಡ. ಸಿಟ್ಟು ಒಂದು ಕ್ಷಣದ್ದು, ಅದರಿಂದ ಆಗುವುದನ್ನು ನಾನು ನೋಡಿದ್ದೇನೆ. ರೇವಣ್ಣ ನನ್ನ ಬಲೆ ಕೊಯ್ದಿದ್ದ. ಸಾಲ ಮಾಡಿ ತಂದ ಹೊಸ ಬಲೆ. ಕೈಯಲ್ಲಿ ತೆಪ್ಪದ ಹುಟ್ಟು ಇತ್ತು, ಬೀಸಿದೆ. ಒಂದೇ ಏಟು. ಅಷ್ಟಕ್ಕೇ ಅವನು ಹೋಗಿಬಿಡುತ್ತಾನೆಂದು ಯಾರಿಗೆ ಗೊತ್ತು.

ನನ್ನ ಅಮ್ಮ ಸತ್ತ ಮೇಲೆ ಚನ್ನಗಿರಿಯ ಆ ಕಡೆ ನನಗೆ ಯಾರೂ ಉಳಿದಿಲ್ಲ. ನೀವು ಮೂವರೇ. ಅದಕ್ಕೇ ಈ ವಿಷಯ ಬರೆಸುತ್ತಿದ್ದೇನೆ. ನಿಮ್ಮವ್ವನ ಗರ್ಭಕೋಶದ ಆಪರೇಷನ್ ಆಷಾಢ ಕಳೆದ ಮೇಲೆ ಎಂದು ಮಮತಾ ಹೇಳಿದಳು. ಒಮ್ಮೆ ಹೋಗಿ ಬಾರದವನಿಗೆ ಮತ್ತೆ ಪೆರೋಲ್ ಸಿಗುವುದು ಕಷ್ಟ. ಆದರೆ ಹೆಂಡತಿಯ ಆಪರೇಷನ್ ಎಂದರೆ, ಮನೆಯವರೊಬ್ಬರು ಜಾಮೀನು ನಿಂತರೆ, ಹದಿನೈದು ದಿನಕ್ಕೆ ಪ್ರಯತ್ನ ಮಾಡಬಹುದು ಎಂದು ವಕೀಲರು ಹೇಳಿದ್ದಾರೆ.

ಒಂದೇ ಒಂದು ಸಹಿ, ಪರಶು. ರಕ್ತದ ಮೇಲೆ ನಂಬಿಕೆ ಇಟ್ಟು ಹಾಕು. ಹದಿನೈದನೇ ದಿನ ಸಂಜೆ ಐದಕ್ಕೆ ಗೇಟಿನ ಮುಂದೆ ನಾನೇ ಬಂದು ನಿಂತಿರುತ್ತೇನೆ, ಯಾರೂ ಕರೆತರುವುದು ಬೇಡ.

ಹೊಸ ಕೆಲಸ ಹುಡುಕಿಕೋ. ಒಂದು ಕಡೆ ಆರು ತಿಂಗಳಾದರೂ ನಿಲ್ಲು.

ನಿಮ್ಮಪ್ಪ


ನ್ಯಾಮತಿ
1 ಜೂನ್ 2025

ಅಪ್ಪಾ,

ಸಹಿ ಹಾಕ್ತೀನಿ. ಮೊದ್ಲು ಅದನ್ನ ಹೇಳಿಬಿಡ್ತೀನಿ, ನಿನಗೆ ನಿದ್ದೆ ಬರ್ಲಿ. ಫಾರಂ ತರಿಸ್ಕಂಡು ಇಟ್ಕ.

ಈಗ ನ್ಯಾಮತೀಲಿ ಟ್ರಾಕ್ಟರ್ ರಿಪೇರಿ ಗ್ಯಾರೇಜಿನಾಗೆ ಇದೀನಿ. ಆರು ತಿಂಗ್ಳು ನಿಲ್ಲು ಅಂತೀಯ, ನಿಲ್ಲಾಕೆ ಕಾಲೇ ಬರಲ್ಲ ನನಗೆ. ಎಲ್ಲಿಂದ ಬಂತೋ ಈ ಗುಣ ಅಂತ ಅವ್ವ ಬೈತಿದ್ಲು. ಈಗ ಬೈಯೋದು ಬಿಟ್ಟಿದಾಳೆ.

ಒಂದು ವಿಷ್ಯ ಬಚ್ಚಿಟ್ಟಿದ್ದೆ. ಪೊಲೀಸ್ರಿಗೆ ಸುದ್ದಿ ಹೆಂಗೆ ಹೋತು ಅಂತ ನನಗೆ ಗೊತ್ತು. ನಾನೇ.

ಅವತ್ತು ಶಾಲೇಲಿ ಹೆಡ್‌ಮೇಷ್ಟ್ರು ಹಳೇ ರಿಜಿಸ್ಟರ್ ತಗ್ದು ಧೂಳು ಜಾಡಿಸ್ತಾ "ಯಾರ ಮಗನಪ್ಪಾ ನೀನು?" ಅಂತ ಕೇಳಿದ್ರು. ಜಗಳೂರು ಕಡೆ ನನ್ನ ಯಾರೂ ಹಂಗೆ ಕೇಳಿಲ್ಲಪ್ಪ. ಕೇಳಿದ್ರೂ "ಆ ವಲಸೆ ಬಂದೋನ ಮಗ" ಅಂತ ಅವ್ರೇ ಹೇಳ್ಕಂತಾರೆ. ಎಲ್ಲರಿಗೂ ಅಜ್ಜ, ಮುತ್ತಜ್ಜ, ಅತ್ತೆ, ಮಾವ. ನಮಗೆ ಯಾರೂ ಇಲ್ಲ. ಇಲ್ಲಿ ಒಬ್ರು ಕೇಳಿದ್ರು. ನನ್ನ ಮುತ್ತಜ್ಜನ ಕಾಲದ ಮನೆತನ ಅವ್ರಿಗೆ ಗೊತ್ತಿತ್ತು. ನನಗೆ ಖುಷಿ ತಡೆಯಾಕೆ ಆಗ್ಲಿಲ್ಲ. ಮೊಬೈಲಿನಾಗೆ ನಿನ್ನ ಫೋಟೋ ತೋರಿಸ್ದೆ. ನೀನು ಫೋಟೋಗೆ ನಿಲ್ತಿರ್ಲಿಲ್ಲ, ಮಲಗಿದ್ದಾಗ ತಗ್ದಿದ್ದೆ. "ನೋಡಿ ಸಾರ್, ನಮ್ಮಪ್ಪ. ಜಗಳೂರು ತಾಲೂಕಿನಾಗೆ ಇವ್ರಂಗೆ ಕುಕ್ಕೆ ಹೆಣೆಯೋರು ಇಲ್ಲ" ಅಂದೆ. ಊರ ಹೆಸ್ರೂ ಹೇಳ್ದೆ. ಮೇಷ್ಟ್ರು ಬಾಳ ಹೊತ್ತು ನೋಡಿದ್ರು. "ನಕಲು ಇವತ್ತು ಆಗಲ್ಲ, ಇನ್ನೊಂದ್ಸಲ ಬಾ" ಅಂತ ಕಳ್ಸಿದ್ರು. ಮೂರು ವಾರಕ್ಕೆ ಜೀಪ್ ಬಂತು.

ಆ ಶಾಲೇಲಿ ಇರೋ ಹಾಲಪ್ಪ ನೀನೇ ಅಂತ ಒಂದು ಮಾತು ನನಗೆ ಹೇಳಿದ್ರೆ ಫೋಟೋ ತೋರಿಸ್ತಿದ್ನಾ ನಾನು? ಇದನ್ನೇ ನಾನು ಜಾಲರಿ ಹತ್ರ ಹೇಳಾಕೆ ಹೊರಟಿದ್ದು.

ಇನ್ನೊಂದು ಕೇಳ್ತೀನಿ. ಇದಕ್ಕೆ ನೀನು ಸರಿಯಾಗಿ ಉತ್ರ ಕೊಡ್ಬೇಕು. ಐದು ವರ್ಷದ ಹಿಂದೆ ನಾನು ಎಸ್ಸೆಸ್ಸೆಲ್ಸೀಲಿ ನೂರಕ್ಕೆ ಎಪ್ಪತ್ತೊಂದು ತಗಂಡೆ. ಐಟಿಐ ಸೇರಾಕೆ ಜಾತಿ ಸರ್ಟಿಫಿಕೇಟ್ ಕೇಳಿದ್ರು. ತಾಯಿ ಕಡೆಯ ಕಾಗದ ನಡೆಯಲ್ಲ, ತಂದೇದೇ ತಗಂಬಾ ಅಂದ್ರು. ನೀನು ಏನಂದೆ? "ನಾನು ಶಾಲೆ ಮೆಟ್ಲು ಹತ್ತಿಲ್ಲ, ನನ್ನ ಹತ್ರ ಎಲ್ಲೈತೆ ಕಾಗದ, ದುಡ್ಕಂಡು ತಿನ್ನು" ಅಂದೆ. ನಂಬಿದೆ. ನನ್ನ ಮಾರ್ಕ್ಸ್ ಕಾರ್ಡು ಅವ್ವನ ಟ್ರಂಕಿನಾಗೆ ಸೀರೆ ಕೆಳಗೆ ಐತೆ. ಈ ವರ್ಷ ಮಮತಾ ನರ್ಸಿಂಗ್ ಅಂದ ತಕ್ಷಣ ನಿನಗೆ ಶಾಲೆ ನೆನಪಾತು, ಊರು ನೆನಪಾತು, ರಿಜಿಸ್ಟರಿನಾಗಿರೋ ಹೆಸ್ರು ನೆನಪಾತು. ನನಗೆ ಯಾಕೆ ಇಲ್ಲ?

ಮಮತಾಗೆ ಆ ನಕಲು ಇನ್ನೂ ಬೇಕು. ರಜ ಹಾಕಿ ನಾನೇ ಚನ್ನಗಿರಿಗೆ ಹೋಗ್ತೀನಿ.

ಪರಶು


ಶಿವಮೊಗ್ಗ ಜೈಲು
12 ಜೂನ್ 2025

ಪರಶು,

ನಿಮ್ಮಪ್ಪ ಬರೆಸಿದ್ದು.

ಫೋಟೋ ತೋರಿಸಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆಗಿದ್ದು ಆಯಿತು. ನೀನು ಸಹಿ ಹಾಕಿದರೆ ಅದೂ ಸರಿಹೋಗುತ್ತದೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನೀನು ಕೇಳಿದ ಕಾಲಕ್ಕೆ ನನಗಿನ್ನೂ ಓಡುವ ಕಾಲು ಇತ್ತು. ಮಮತಾ ಕೇಳುವ ಹೊತ್ತಿಗೆ ಇರಲಿಲ್ಲ. ಮತ್ತೆ ನೀನು ಗಂಡು ಹುಡುಗ, ಹೇಗಾದರೂ ಬದುಕುತ್ತೀಯ ಎಂದುಕೊಂಡೆ. ಇಷ್ಟೇ. ಇದಕ್ಕಿಂತ ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಚನ್ನಗಿರಿಗೆ ಹೋಗಬೇಡ. ನಕಲನ್ನು ವಕೀಲರ ಮೂಲಕ ತರಿಸೋಣ. ಅಲ್ಲಿ ನಿನ್ನನ್ನು ಗುರುತಿಸುವವರು ಯಾರೂ ಇಲ್ಲ, ಇರುವವರು ಒಳ್ಳೆಯ ಮಾತಾಡುವುದಿಲ್ಲ. ಫಾರಂ ಬಂದಿದೆ, ಜಗಳೂರಿನ ಮನೆಗೆ ಕಳಿಸುತ್ತಾರೆ. ಈ ತಿಂಗಳು ಮುಗಿಯುವುದರೊಳಗೆ ಹಾಕಿದರೆ ಒಳ್ಳೆಯದು.

ನಿಮ್ಮಪ್ಪ


ಚನ್ನಗಿರಿ
20 ಜೂನ್ 2025

ಅಪ್ಪಾ ಅಂತ ಬರೆಯಾಕೆ ಕೈ ಬರ್ತಿಲ್ಲ. ಬೇರೆ ಏನಂತ ಬರೀಲಿ?

ಬಸ್‌ಸ್ಟ್ಯಾಂಡಿನಾಗೆ ಕುಂತು ಬರೀತಿದೀನಿ. ದಾವಣಗೆರೆ ಬಸ್ಸು ಎರಡು ಹೋದ್ವು, ಹತ್ತಲಿಲ್ಲ. ಇದನ್ನ ಬರೆದು ಡಬ್ಬಿಗೆ ಹಾಕೇ ಹತ್ತೋದು.

ಶಾಲೇಲಿ ಅದೇ ಮೇಷ್ಟ್ರು ಇದ್ರು. ನನ್ನ ನೋಡಿ ಅವ್ರೇ ತಲೆ ತಗ್ಗಿಸಿದ್ರು. "ನಾನು ಒಬ್ರ ಹತ್ರ ಮಾತ್ರ ಬಾಯಿ ಬಿಟ್ಟೆನಪ್ಪ, ಅದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ತು" ಅಂದ್ರು. ನಕಲು ಬರೆದು, ಸೀಲು ಹೊಡೆದು ಕೊಟ್ಟು, "ನಿಮ್ಮ ಚಿಕ್ಕಪ್ಪನ್ನ ನೋಡ್ಕಂಡು ಹೋಗು, ಕೆರೆ ಏರಿ ಕೆಳಗೆ ಮೂರನೇ ಮನೆ" ಅಂದ್ರು.

ಚಿಕ್ಕಪ್ಪ!

ಮಾರುತೇಶ್. ನಿನ್ನ ಒಡಹುಟ್ಟಿದ ತಮ್ಮ. ಆ ಕಡೆ ಯಾರೂ ಉಳಿದಿಲ್ಲ ಅಂತ ಬರೆಸಿದ್ಯಲ್ಲ, ಅವ್ನು ಉಳ್ದಾನೆ ನೋಡು. ಅಂಗಳದಾಗೆ ಬಲೆ ಹರವ್ಕಂಡು ಹೆಣೀತಿದ್ದ. ಆ ಗಂಟು ನೋಡಿದ ಕೂಡ್ಲೇ ಗೊತ್ತಾತು. ನೀನು ಕುಕ್ಕೆಗೆ ಹಾಕೋ ಗಂಟೇ. ನಾನು ಯಾರು ಅಂತ ಹೇಳ್ದೆ. ಒಂದು ಮಾತೂ ಬೈಲಿಲ್ಲ ಅವ್ನು. "ನಿಮ್ಮಪ್ಪಂಗೆ ಹಲ್ಲು ಎಷ್ಟು ಉಳ್ದಾವೆ?" ಅಂತ ಕೇಳಿದ. "ಮುಂದಿನವು ಎರಡಿಲ್ಲ" ಅಂದೆ. "ನನಗೂ ಅಷ್ಟೇ" ಅಂತ ಬಾಯಿ ತಗ್ದು ತೋರಿಸಿದ.

ಚಿಕ್ಕಮ್ಮನ ಹೆಸ್ರು ಪುಷ್ಪಾ. ನಿನಗೆ ಗೊತ್ತೇ ಐತೆ, ನೀನು ಅವ್ಳ ಮದ್ವೆ ಊಟ ಉಂಡೋನು. ಅವ್ಳು ಮಾತ್ರ ಬಿಡ್ಲಿಲ್ಲ. "ಬಂದ್ಯಾ? ಬಾ, ಕುಂತ್ಕ, ನಿಮ್ಮಪ್ಪನ್ನ ತೋರಿಸ್ತೀನಿ" ಅಂತ ಮದ್ವೆ ಆಲ್ಬಂ ತಂದು ತೊಡೆ ಮೇಲೆ ಇಟ್ಲು. ಪಂಕ್ತೀಲಿ ಕುಂತು ಲಾಡು ಕಡೀತಾ ನಗ್ತಿದೀಯ. "ತಮ್ಮನ ಮದ್ವೆ ಅಂತ ಜೈಲಿಂದ ರಜ ಹಾಕಿ ಬಂದಿದ್ದ ಭಾವ. ಇವ್ರೇ ಜಾಮೀನು. ಹದಿನೈದು ದಿನ ಮುಗೀತು. ಭಾವ ಇಲ್ಲ. ನನ್ನ ಕೈಯಾಗಿನ ಅರಿಶಿನ ಹೋಗಿರ್ಲಿಲ್ಲ, ಜೀಪು ಬಂದು ಮದುಮಗನ್ನ ಹತ್ತಿಸ್ಕಂಡು ಹೋತು" ಅಂದ್ಲು.

"ಹಳೇದು ಯಾಕೆ ಈಗ" ಅಂದ ಚಿಕ್ಕಪ್ಪ.

"ಹುಡ್ಗ ಗೊತ್ತು ಮಾಡ್ಕಳ್ಳಿ ಬಿಡ್ರಿ. ಇವ್ನ ಹತ್ರಾನೂ ಸಹಿ ಕೇಳಿರ್ತಾನೆ."

ನಾನು ಆಲ್ಬಂ ಮುಚ್ಚಿ ಪಕ್ಕಕ್ಕೆ ಇಟ್ಟೆ.

ನಾಲೆ ತೂಬಿಗೆ ನೀರುಗಂಟಿ ಆಗಿದ್ನಂತೆ ಚಿಕ್ಕಪ್ಪ. ಎರಡು ವರ್ಷ ಸೋಮವಾರ ಸೋಮವಾರ ಠಾಣೆಗೆ ಹೋಗಿ ಬೆಳಿಗ್ಗೆಯಿಂದ ಸಂಜೆಗಂಟ ಕುಂತ್ಕಂಬೇಕು. ಅಣ್ಣ ಎಲ್ಲಿ, ಕಾಗದ ಬಂತಾ, ಯಾರ ಮನೇಲಿ ಇಟ್ಟೀಯ. ಸೋಮವಾರ ನೀರು ಬಿಡೋರು ಇಲ್ಲ ಅಂತ ರೈತ್ರು ಗಲಾಟೆ ಮಾಡಿ ಆ ಕೆಲ್ಸ ಬೇರೆಯೋರಿಗೆ ಕೊಡಿಸಿದ್ರು. ಆಮೇಲಿಂದ ಇನ್ನೊಬ್ರ ಬಲೆ ಹೆಣ್ಕಂಡು ಐದಾನೆ.

ನಿಮ್ಮವ್ವ ಸತ್ತಿದ್ದು ಎರಡು ಸಾವಿರದ ಐದರಾಗಂತೆ. ನೀನು ಬರಬಹುದು ಅಂತ ಹೆಣ ಎರಡು ದಿನ ಇಟ್ಕಂಡಿದ್ರು. ಬೇಲಿ ಹಿಂದೆ ಪೊಲೀಸ್ರೂ ಕಾಯ್ತಿದ್ರು. "ಬರ್ಲಿ ಅಂತ ಒಂದು ಮನಸ್ಸು, ಬರೋದು ಬೇಡ ಅಂತ ಒಂದು ಮನಸ್ಸು" ಅಂದ ಚಿಕ್ಕಪ್ಪ. "ನಾನೇ ಕೊಳ್ಳಿ ಇಟ್ಟೆ. ಅವ್ನು ಮಾಡ್ಬೇಕಾದ ಕೆಲ್ಸ." ನನಗೆ ಅವಾಗ ಒಂದು ವರ್ಷ. ನೀನು ಜಗಳೂರಿನಾಗೆ ನನ್ನ ತೊಟ್ಲು ತೂಗ್ತಿದ್ದೆ.

ನಾನು ಹೊರಡೋವಾಗ ಚಿಕ್ಕಪ್ಪ ಒಳಗಿಂದ ಒಂದು ಕಾಗದ ತಂದ. "ಅವ್ನು ಜೈಲಿಂದ ಬರ್ದಿದ್ದು. ಎಸೆಯಾಕೆ ಮನಸ್ಸು ಬರ್ಲಿಲ್ಲ" ಅಂದ. ಮಡಿಕೇಲಿ ಹರಿದೈತೆ. ನಾಲ್ಕು ಸಾಲು ಓದಿದೆ. ಇಲ್ಲಿ ಇಳಿಸ್ತೀನಿ.

"ಒಂದೇ ಒಂದು ಸಹಿ, ಮಾರುತಿ. ರಕ್ತದ ಮೇಲೆ ನಂಬಿಕೆ ಇಟ್ಟು ಹಾಕು. ಹದಿನೈದನೇ ದಿನ ಸಂಜೆ ಐದಕ್ಕೆ ಗೇಟಿನ ಮುಂದೆ ನಾನೇ ಬಂದು ನಿಂತಿರುತ್ತೇನೆ, ಯಾರೂ ಕರೆತರುವುದು ಬೇಡ."

ಒಂದು ಅಕ್ಷರ ಬದಲಾಗಿಲ್ಲ. ಹೆಸ್ರು ಬಿಟ್ರೆ. ಆ ದುಂಡು ಅಕ್ಷರಾನೂ ಅದೇ. ನನಗೆ ಬರೋ ಕಾಗದದ್ದೇ ಅಕ್ಷರ.

"ಇದನ್ನ ಬರೆದು ಕೊಟ್ಟಿದ್ದು ಯಾರು?" ಅಂದೆ.

"ಅವ್ನೇ. ನಾಲ್ಕನೇ ಕ್ಲಾಸಿನಾಗೆ ಕಾಪಿ ಬರಹಕ್ಕೆ ಬಹುಮಾನ ತಗಂಡಿದ್ದ ನಿಮ್ಮಪ್ಪ."

ಬಸ್ಸಿನ ಬೋರ್ಡು ನಾನು ಓದಿ ಹೇಳ್ತಿದ್ದೆ ನಿನಗೆ. ಔಷಧಿ ಚೀಟಿ, ರೇಷನ್ ಕಾರ್ಡು, ಮಮತಾ ಪ್ರೋಗ್ರೆಸ್ ಕಾರ್ಡು. ಎಂಟು ವರ್ಷದ ಹುಡ್ಗ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ್ರೆ ನೀನು "ಭೇಷ್" ಅಂತಿದ್ದೆ. ನಿನಗಿಂತ ಮೊದ್ಲು ಓದ್ದೆ ಅಂತ ನಾನು ಹಿಗ್ತಿದ್ದೆ. ನಿನಗೆ ಬರೆದು ಕೊಟ್ಟೋರಿಗೆ ನಮಸ್ಕಾರ ಬೇರೆ ಹೇಳಿ ಕಳ್ಸಿದೀನಿ. ಮುಟ್ತು ಅಂತ ನೀನೇ ಬರ್ದೀಯ. ನಗು ಬಂತಾ ಅವಾಗ?

ಇನ್ನೂ ಐತೆ. ನಾನು ಚಪ್ಲಿ ಹಾಕ್ಕಣ್ತಿದ್ದಾಗ ಅಂಗನವಾಡಿ ಸೀರೆ ಉಟ್ಟಿರೋ ಹೆಣ್ಮಗಳು ಒಬ್ಳು ಬಂದ್ಲು. ರೇವಣ್ಣನ ಮಗಳು, ಸುಚಿತ್ರಾ. ನಾನು ಬಂದಿದೀನಿ ಅಂತ ಕೇಳ್ಕಂಡೇ ಬಂದಿದ್ಲು.

"ಠಾಣೆಗೆ ಹೋಗಿ ಹೇಳಿದ್ದು ನಾನೇ. ಬೈಯಾಕೆ ಬಂದಿದ್ರೆ ಬೈದು ಹೋಗಿ" ಅಂದ್ಲು.

"ಬೈಯಾಕೆ ಬಂದಿಲ್ಲ ಅಕ್ಕ. ಆದ್ರೆ ಇಷ್ಟು ವರ್ಷ ಆದ್ಮೇಲೆ ಯಾಕೆ? ಅವ್ರು ಯಾರ ತಂಟೆಗೂ ಹೋಗ್ದೆ ಇದ್ರು."

"ಅದು ನಮಗೆ ಯಾರು ಹೇಳಿದ್ರು? ಕೋರ್ಟಿನಾಗೆ ಬೆರಳು ಮಾಡಿ ತೋರಿಸಿದ್ದು ನಮ್ಮವ್ವ ಚೌಡಮ್ಮ. ಅವ್ನು ತಪ್ಪಿಸ್ಕಂಡ ಅಂತ ಗೊತ್ತಾದ ದಿನದಿಂದ ಸಂಜೆ ಆರಕ್ಕೆ ಅಗಳಿ ಹಾಕ್ತಿದ್ಲು. ಸೆಖೇಲೂ ಕಿಟಕಿ ತಗೀತಿರ್ಲಿಲ್ಲ. ಹೋದ ವರ್ಷ ಸತ್ಲು, ಅಲ್ಲಿಗಂಟಾನೂ ಹಂಗೇ. ಜಗಳೂರಿನಾಗೆ ಮಕ್ಳು ಮಾಡ್ಕಂಡು ಆರಾಮಾಗಿ ಐದಾನೆ ಅಂತ ಒಂದು ಕಾರ್ಡ್ ಹಾಕಿದ್ರೆ ನಮ್ಮವ್ವ ಬಾಗ್ಲಾದ್ರೂ ತಗ್ದು ಕುಂತ್ಕಣ್ತಿದ್ಲು."

"ಸಿಟ್ಟಿನಾಗೆ ಒಂದು ಏಟು ಬಿದ್ದಿದ್ದು" ಅಂದುಬಿಟ್ಟೆ.

ಅವ್ಳು ನನ್ನ ಮುಖ ನೋಡಿದ್ಲು. "ಒಂದು ಅಂತ ಹೇಳಿದಾನಾ? ಮೂರು. ನನಗೆ ಏಳು ವರ್ಷ, ಏರಿ ಮೇಲೆ ನಿಂತಿದ್ದೆ. ಎರಡನೇದಕ್ಕೆ ನಮ್ಮಪ್ಪ ಬಿದ್ದ. ಮೂರನೇದು ಬಿದ್ದೋನ ಮೇಲೆ."

ಚಿಕ್ಕಪ್ಪ ಬಲೆ ನೋಡ್ತಾ ಕುಂತಿದ್ದ. ಇಲ್ಲ ಅನ್ಲಿಲ್ಲ.

ಅದಕ್ಕೇ ಬರೀತಿದೀನಿ. ನಾನು ಸಹಿ ಹಾಕಲ್ಲ. ಚಾ ಅಂಗಡೀಲಿ ಆ ಡ್ರೈವರಿಗೆ ಹೇಳಿದ್ದೆಲ್ಲ ವಾಪಸ್ ತಗಂಡೀನಿ. ಇಪ್ಪತ್ಮೂರು ವರ್ಷ ನೀನು ಒಳ್ಳೆಯೋನಾಗಿ ಇದ್ದೆ, ನಾನು ಅಲ್ಲ ಅನ್ನಲ್ಲ. ಆದ್ರೆ ಆ ವರ್ಷ ನಿನ್ನವಲ್ಲ. ಚಿಕ್ಕಪ್ಪಂದು, ಚೌಡಮ್ಮಂದು, ನನ್ನವು. ನೀನು ಒಳಗೇ ಇರು.

ಇದಕ್ಕೆ ನೀನೇ ಬರಿ. ಬರೆಸಬೇಡ.

ಪರಶುರಾಮ


ಶಿವಮೊಗ್ಗ ಜೈಲು
24 ಜುಲೈ 2025

ನನ್ನ ಮುದ್ದು ಮಮತಾ,

ನಿಮ್ಮಪ್ಪ ತನ್ನ ಕೈಯಾರೆ ಬರೆಯುತ್ತಿದ್ದೇನೆ. ಮೊನ್ನೆ ಭಾನುವಾರಕ್ಕೆ ನಿನಗೆ ಹದಿನೆಂಟು ತುಂಬಿತು. ಮರೆತಿಲ್ಲ. ಇಲ್ಲಿ ಅವತ್ತು ಪಾಯಸ ಇತ್ತು, ನಿನ್ನ ಹೆಸರಿನಲ್ಲಿ ಕುಡಿದೆ.

ಅಣ್ಣನ ಮನಸ್ಸನ್ನು ಯಾರೋ ಕೆಡಿಸಿದ್ದಾರೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅದಕ್ಕೇ ಅವನಿಗೆ ಬರೆದಿಲ್ಲ. ಆದರೆ ನಿಮ್ಮವ್ವ ಆಪರೇಷನ್ ಆಗಿ ಕಣ್ಣು ಬಿಟ್ಟಾಗ ನಾನು ಎದುರಿಗೆ ಇರಬೇಕು. ಇಪ್ಪತ್ತೆರಡು ವರ್ಷ ಅವಳು ನನ್ನನ್ನು ಒಂದು ಪ್ರಶ್ನೆ ಕೇಳದೆ ಬಾಳಿದಳು.

ಈಗ ನೀನು ದೊಡ್ಡವಳು, ಕಾನೂನಿನಲ್ಲಿ ನಿನ್ನ ಸಹಿಯೂ ನಡೆಯುತ್ತದೆ. ಫಾರಂ ಮನೆಯಲ್ಲೇ ಇದೆ. ಒಂದೇ ಒಂದು ಸಹಿ, ಮಗಳೇ. ರಕ್ತದ ಮೇಲೆ ನಂಬಿಕೆ ಇಟ್ಟು ಹಾಕು. ಹದಿನೈದನೇ ದಿನ ಸಂಜೆ ಐದಕ್ಕೆ ಗೇಟಿನ ಮುಂದೆ ನಾನೇ ಬಂದು ನಿಂತಿರುತ್ತೇನೆ.

ಅಣ್ಣನಿಗೆ ಹೇಳಬೇಡ. ಹೇಳಿದರೆ ಜಗಳವಾಗುತ್ತದೆ.

ನಿನ್ನ ಅಪ್ಪ


ಜಗಳೂರು
4 ಆಗಸ್ಟ್ 2025, ಸೋಮವಾರ

ಅಪ್ಪಾ,

ನನಗೆ ಒಂದೂವರೆ ತಿಂಗ್ಳು ಉತ್ರ ಇಲ್ಲ. ಮಮತಾಗೆ ಬಂತು. ಹೇಳಬೇಡ ಅಂತ ಬರ್ದಿದ್ದೆ, ಅವ್ಳು ಹೇಳಿಲ್ಲ. ಹೇಳ್ದೆ ಇರೋದು ನಿನ್ನಿಂದ ಚೆನ್ನಾಗೇ ಕಲ್ತಿದಾಳೆ. ನೆನ್ನೆ ನಾನು ನ್ಯಾಮತಿಯಿಂದ ಬಂದಾಗ ಅವ್ಳು ಟ್ರಂಕಿನ ಮೇಲೆ ಫಾರಂ ಇಟ್ಕಂಡು, ಪೆನ್ನಿನ ಮುಚ್ಚಳ ಬಾಯಾಗೆ ಕಚ್ಕಂಡು ಕುಂತಿದ್ಲು. ನನ್ನ ಕಂಡು ಫಾರಂ ಮೇಲೆ ದುಪಟ್ಟಾ ಎಳೆದ್ಲು.

"ಏನದು?"

"ಕಾಲೇಜಿಂದು."

"ಕಾಲೇಜಿನ ಫಾರಂ ಮೇಲೆ ಕಾರಾಗೃಹ ಅಂತ ಯಾಕೆ ಬರ್ದೈತೆ?"

ಅತ್ಲು. ಆಮೇಲೆ ನಿನ್ನ ಕಾಗದ ಕೊಟ್ಲು. ಓದ್ದೆ. ಪಾಯಸದ ತಾವ ಒಂದು ಘಳಿಗೆ ನಿಂತೆ. ಮುಂದಿನ ಸಾಲಿಗೆ ಹೋದೆ. ಚನ್ನಗಿರೀಲಿ ಓದಿದ ಸಾಲೇ ಅದು.

ಚಿಕ್ಕಪ್ಪನ ಕಥೆ ಪೂರ್ತಿ ಹೇಳ್ದೆ ಅವ್ಳಿಗೆ. ಕೇಳಿದ್ಲು. ಕೇಳಿ "ಅಪ್ಪ ಈ ಸಲ ಓಡಲ್ಲ ಅಣ್ಣ" ಅಂದ್ಲು.

"ಓಡಿದ್ರೆ?"

"ಓಡಲ್ಲ. ವಯಸ್ಸಾಗೈತೆ, ಮಂಡಿ ನೋವು. ಎಲ್ಲಿಗೆ ಓಡ್ತಾನೆ?"

"ಓಡಿದ್ರೆ, ಮಮತಾ?"

"ಸೋಮವಾರ ಸೋಮವಾರ ಹೋಗಿ ಠಾಣೇಲಿ ಕುಂತ್ಕಂತೀನಿ. ಚಿಕ್ಕಪ್ಪ ಕುಂತಿಲ್ವಾ?"

"ನರ್ಸಿಂಗ್ ಕಾಲೇಜಿನಾಗೆ ಸೋಮವಾರ ರಜ ಕೊಡ್ತಾರಾ?"

"ನೀನು ತಮಾಷೆ ಮಾಡ್ಬೇಡ. ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು, ನಾನು ಹಾಕ್ತೀನಿ. ಅಪ್ಪ ನನಗೋಸ್ಕರ ಸಿಕ್ಕಿಬಿದ್ದ ಅಲ್ವಾ?"

ಇದನ್ನ ಅವ್ಳು ಯಾರ ಹತ್ರಾನೂ ಹೇಳಿರ್ಲಿಲ್ಲ ಅಂತ ಕಾಣ್ತೈತೆ. ಏಪ್ರಿಲ್‌ನಿಂದ ಹೊಟ್ಟೇಲಿ ಇಟ್ಕಂಡಿದಾಳೆ. ನಿನಗೆ ಅದು ಗೊತ್ತಿತ್ತಾ? ಗೊತ್ತಿದ್ದೇ ಅವ್ಳಿಗೆ ಬರ್ದ್ಯಾ? ಗೊತ್ತಿಲ್ದೆ ಬರ್ದ್ಯಾ? ಎರಡರಾಗೆ ಯಾವ್ದು ಅಂತ ನನಗೆ ಹೇಳಬೇಡ. ಹೇಳಿದ್ರೂ ನಂಬಲ್ಲ.

ಸರ್ಟಿಫಿಕೇಟ್ ಸಿಕ್ತು ಅವ್ಳಿಗೆ. ನಕಲಿನಾಗೆ ಹಾಲಪ್ಪ, ಇಲ್ಲಿ ಧರ್ಮಪ್ಪ, ಇಬ್ರೂ ಒಬ್ನೇ ಅಂತ ಏನು ಸಾಕ್ಷಿ ಅಂತ ತಾಲೂಕಾಫೀಸಿನಾಗೆ ಕೇಳಿದ್ರು. ನಿನ್ನ ಹಿಡಿದ ಪೊಲೀಸ್ ಕಾಗದದಾಗೆ ಎರಡು ಹೆಸ್ರೂ ಐದಾವೆ, ಅದನ್ನ ಕೊಟ್ವಿ. ಅದು ನಡೀತು. ನೀನು ಸಿಕ್ಕಿಬಿದ್ದಿದ್ದಕ್ಕೇ ಸಿಕ್ಕಿದ್ದು. ನನ್ನ ಹೆಸ್ರಿಗೂ ಒಂದು ಮಾಡಿಸ್ಲಾ ಅಂತ ಆ ಗುಮಾಸ್ತ ಕೇಳಿದ. ಏನು ಮಾಡ್ಲಿ ಇವಾಗ ಅಂದೆ.

ಅವ್ವನ್ನ ಕೇಳ್ದೆ. ಒಲೆ ಮುಂದೆ ಕುಂತಿದ್ಲು. "ನನಗೆ ನೀವಿಬ್ರಿದ್ರೆ ಸಾಕು. ಆದ್ರೆ ಅವ್ನು ಬಂದ್ರೆ ನೋಡ್ತೀನಿ" ಅಂದ್ಲು. ಒಲೆಗೆ ಸೌದೆ ತಳ್ಳಿದ್ಲು.

ಇವತ್ತು ಬೆಳಿಗ್ಗೆ ನಾನು ಸಹಿ ಹಾಕ್ದೆ.

ಹಿಗ್ಗಬೇಡ. ನಿನ್ನ ಮೇಲೆ ನಂಬಿಕೆ ಇಟ್ಟು ಹಾಕಿದ್ದಲ್ಲ. ನಾನು ಹಾಕಲ್ಲ ಅಂದ್ರೆ ಮಮತಾ ಹಾಕ್ತಾಳೆ. ನಾನು ಹರಿದು ಹಾಕಿದ್ರೆ ಇನ್ನೊಂದು ಫಾರಂ ತರಿಸ್ತೀಯ. ಹದಿನಾರನೇ ದಿನ ಬೆಳಿಗ್ಗೆ ಜೀಪ್ ಬಂದ್ರೆ ಅವ್ರು ಕೂಗೋ ಹೆಸ್ರು ಅವ್ಳದ್ದಾಗಬಾರ್ದು. ಅಷ್ಟಕ್ಕೇ ಹಾಕಿದ್ದು. ನನಗೆ ಹೆಂಗೂ ಒಂದು ಕಡೆ ನಿಂತು ಅಭ್ಯಾಸ ಇಲ್ಲ, ಸೋಮವಾರ ಒಂದು ಕಡೆ ಕುಂತ್ಕಳಾದು ಕಲೀತೀನಿ.

ಫಾರಂನಾಗೆ ಜಾಮೀನುದಾರನ ತಂದೆಯ ಹೆಸರು ಅಂತ ಇತ್ತು. ಹಾಲಪ್ಪ ಅಂತ ಬರ್ದೆ. ಹುಟ್ಟಿದಾಗಿಂದ ಇದೇ ಮೊದಲನೇ ಸಲ. ಬೇರೆ ಯಾರದೋ ಮನೆಯ ಹೆಸ್ರು ಬರ್ದಂಗಾತು.

ನೀನು ಒಳಗಿರಬೇಕಾದೋನು ಅಂತ ಚನ್ನಗಿರೀಲಿ ಬರ್ದಿದ್ದೆ. ಅದು ಹಂಗೇ ಐತೆ. ಯಾವ ಸಾಹೇಬ್ರು ಕೇಳಿದ್ರೂ ಅದನ್ನೇ ಹೇಳ್ತೀನಿ, ಸಹಿ ಹಾಕಿದ ಕೈಲೇ ಬರ್ದೂ ಕೊಡ್ತೀನಿ.

ರಜ ಸಿಕ್ಕಿದ್ರೆ, ನೀನು ಬರೋ ಹದಿನೈದು ದಿನ ನಾನು ಈ ಮನೇಲಿ ಇರಲ್ಲ. ಆಪರೇಷನ್ ದಿನ ಆಸ್ಪತ್ರೆ ಹೊರಗೆ ಇರ್ತೀನಿ, ರಕ್ತ ಬೇಕಂದ್ರೆ ಕೊಡ್ತೀನಿ. ಅವ್ವನ ಪಕ್ಕ ನೀನು ಇರು. ನನ್ನ ಕರೀಬೇಡ. ಕಾವ್ಲು ಕಾಯಾಕೆ ಬರ್ತೀನಿ ಅಂತಾನೂ ತಿಳ್ಕಬೇಡ. ವಾಪಸ್ ಹೋಗೋದು ಬಿಡೋದು ನಿನಗೆ ಬಿಟ್ಟಿದ್ದು. ಹೋಗಿಲ್ಲ ಅಂದ್ರೆ ನಾನು ನಿನ್ನ ಹುಡುಕಲ್ಲ. ಯಾರ ಮಗ ಅಂತ ಕೇಳಿದ್ರೆ ಅವ್ವನ ಹೆಸ್ರು ಹೇಳ್ತೀನಿ, ಓಬವ್ವನ ಮಗ ಅಂತೀನಿ.

ಫಾರಂ ಜೇಬಿನಾಗೆ ಐತೆ. ಠಾಣೆಗೆ ಕೊಟ್ಟು, ಈ ಕಾಗದ ಡಬ್ಬಿಗೆ ಹಾಕಿ, ಅಲ್ಲಿಂದ ಹಂಗೇ ಬಸ್ ಹತ್ತೋದು. ಅವ್ವ "ರೊಟ್ಟಿ ತಿಂದು ಹೋಗೋ" ಅಂತಿದಾಳೆ. ಬೇಡ ಅಂದೆ. ಮಮತಾ ಬಾಗ್ಲಿಗೆ ಅಡ್ಡ ಕುಂತು "ನಾನೂ ಬರ್ತೀನಿ ಠಾಣೆಗೆ" ಅಂತ ಹಟ ಮಾಡ್ತಿದಾಳೆ. "ನೀನು ಓದ್ಕ, ಒಳಗೆ ನಡಿ" ಅಂದೆ. ಎದ್ಲು.

ಪೆನ್ನು ಅವ್ಳದ್ದು, ಕೊಟ್ಟು ಹೋಗ್ತೀನಿ. ಬಾಗ್ಲು ಹೊರಗಿಂದ ಎಳ್ಕಂಡು ಹೋಗ್ತೀನಿ.

ಪರಶುರಾಮ